ನಲವತ್ತೇಳರಲ್ಲಿ ಎಚ್‌ಟಿಎಂಎಲ್

ಪತ್ರಿಕೆಯ ಡೆಸ್ಕಿನಲ್ಲಿ ನಾನು ಇಪ್ಪತ್ತೆರಡು ವರ್ಷ ಪುಟ ಕಟ್ಟಿದ್ದೆ. ಮುದ್ರಣದ ಪುಟಗಳು ಕಡಿಮೆಯಾಗಲಿವೆ ಎಂದು ಕಚೇರಿ ತಿಳಿಸಿತು. ಒಂದು ತಿಂಗಳಲ್ಲಿ ವೆಬ್ ಪುಟ ಕಟ್ಟುವ ಎಚ್‌ಟಿಎಂಎಲ್ ಕಲಿತು ಪರೀಕ್ಷೆ ಪಾಸಾದವರು ಹೈದರಾಬಾದಿನಲ್ಲೇ ವೆಬ್ ವಿಭಾಗಕ್ಕೆ; ಉಳಿದವರು ಜಿಲ್ಲೆಗಳಿಗೆ. ನನ್ನ ಹೆಸರಿನ ಮುಂದೆ ಆದಿಲಾಬಾದ್ ಎಂದು ಬರೆದಿತ್ತು. ನನ್ನ ಗಂಡನಿಗೆ ಕುಷಾಯಿಗೂಡದ ಕಾರ್ಖಾನೆಯಲ್ಲಿ ಖಾಯಂ ಎರಡನೇ ಪಾಳಿ, ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು. ನನ್ನದೂ ಸಂಜೆ ಪಾಳಿ. ನಾವಿಬ್ಬರೂ ಕೂತು ಮಾತಾಡುತ್ತಿದ್ದದ್ದು ಬೆಳಗಿನ ಹೊತ್ತು ಮಾತ್ರ. ವರ್ಗವಾದರೆ ಅದೂ ಇಲ್ಲ.

ಅಮೀರ್‌ಪೇಟ್‌ನಲ್ಲಿ ಬೆಳಿಗ್ಗೆ ಏಳು ಗಂಟೆಯ ಬ್ಯಾಚ್ ಸೇರಿದೆ. ಹಬ್ಸಿಗೂಡದವರೆಗೆ ಬಸ್ಸು, ಅಲ್ಲಿಂದ ಮೆಟ್ರೊ. ಕೂತಲ್ಲೇ ನಿದ್ದೆ ಬರುತ್ತಿತ್ತು. ಪಾಠವೇನೋ ಕಷ್ಟವಿರಲಿಲ್ಲ. ಶೀರ್ಷಿಕೆ ಯಾವುದು, ಪ್ಯಾರಾ ಯಾವುದು ಎಂದು ಟ್ಯಾಗ್ ಹಾಕಿ ಗುರುತಿಸಬೇಕು. ತೆರೆದ ಟ್ಯಾಗನ್ನು ಮುಚ್ಚಬೇಕು. ಹಿಂದೆ ವರದಿಗಳ ಮೇಲೆ ಕೆಂಪು ಪೆನ್ನಿನಲ್ಲಿ ನಾವು ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಅದೇ.

ಮೂರನೇ ವಾರ ಒಂದು ಸುದ್ದಿಪುಟ ಕಟ್ಟಿದೆ. ಕಾಲಂ ಅಳತೆಗೆ ಸಾಲು ಕೂರಿಸಿದ ಕೈ. ಪ್ರತಿ ಸಾಲಿನ ತುದಿಗೂ ಸಾಲು ಮುರಿಯುವ ಟ್ಯಾಗ್ ಹಾಕಿದ್ದೆ. ತರಗತಿಯ ಕಂಪ್ಯೂಟರಿನಲ್ಲಿ ಪುಟ ಅಚ್ಚುಕಟ್ಟಾಗಿ ನಿಂತಿತು. ಅದನ್ನು ಗಂಡನ ಫೋನಿಗೆ ಕಳಿಸಿ ಮನೆಗೆ ಬಂದೆ.

"ಏನಿದು, ಬೆಂಡಿಕಾಯಿ ಹೆಚ್ಚಿದಂಗ ಹೆಚ್ಚಿಟ್ಟೀಯಲ್ಲ!" ಎಂದರು.

"ಕಂಪ್ಯೂಟರ್‌ನಾಗ ಭಾಳ ಚಲೋ ಕಾಣತೈತಿರಿ. ನಿಮ್ಮ ಫೋನೇ ಸಣ್ಣದು."

"ಹಂಗಾರ ಓದೋರೆಲ್ಲಾ ನಿನ್ನ ಕಂಪ್ಯೂಟರ್ ಮುಂದ ಬಂದು ಕುಂಡ್ರತಾರೇನು?"

ಫೋನ್ ಕಸಿದು ನೋಡಿದೆ. ಒಂದು ಸಾಲು, ಅದರ ಕೆಳಗೆ ಒಂಟಿ ಪದ, ಮತ್ತೊಂದು ಸಾಲು, ಮತ್ತೊಂದು ಒಂಟಿ ಪದ. ಉದ್ದಕ್ಕೂ ಹಾಗೆಯೇ.

ಮರುದಿನ ಮೇಷ್ಟರಿಗೆ ತೋರಿಸಿದೆ. ನಲವತ್ತೇಳರ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. "ಮೇಡಂ, ಲೈನ್ ಎಕ್ಕಡ ಕಟ್ ಅವ್ವಾಲೋ ಮೀರು ಚೆಪ್ಪಕಂಡಿ" ಎಂದು ನಕ್ಕರು. ಸಾಲು ಎಲ್ಲಿ ಮುರಿಯಬೇಕೆಂದು ನಾನು ಹೇಳಕೂಡದಂತೆ. ಓದುವವರ ಫೋನು ತನ್ನ ಅಗಲಕ್ಕೆ ತಾನೇ ಮುರಿದುಕೊಳ್ಳುತ್ತದಂತೆ. ಇಪ್ಪತ್ತೆರಡು ವರ್ಷ ನಾನು ಸಂಬಳ ಪಡೆದದ್ದು ಅದನ್ನು ಹೇಳುವುದಕ್ಕೇ. ಒಂದೊಂದಾಗಿ ಟ್ಯಾಗ್ ಅಳಿಸುತ್ತಾ ಕೂತೆ.

ಪರೀಕ್ಷೆಯಲ್ಲಿ ಒಂದು ವರದಿ ಕೊಟ್ಟು ಒಂದು ಗಂಟೆ ಸಮಯ ಕೊಟ್ಟರು. ಸಾಲಿನ ತುದಿ ಬಂದಾಗಲೆಲ್ಲ ಬೆರಳು ತಾನಾಗಿ ಆ ಟ್ಯಾಗಿಗೆ ಹೋಗುತ್ತಿತ್ತು, ಹಿಂದಕ್ಕೆ ಎಳೆದುಕೊಂಡೆ. ಸಂಪಾದಕರು ನನ್ನ ಪುಟವನ್ನು ತಮ್ಮ ಫೋನಿನಲ್ಲಿ ತೆರೆದು, ಹೆಬ್ಬೆರಳಿನಿಂದ ಒಮ್ಮೆ ಮೇಲಕ್ಕೆ ಸರಿಸಿ, ಸರಿ ಎಂದರು. ಸೋಮವಾರದಿಂದ ವೆಬ್ ವಿಭಾಗ, ಬೆಳಿಗ್ಗೆ ಆರರ ಪಾಳಿ.

ಅಂದು ಭಾನುವಾರ, ಗಂಡನಿಗೆ ವಾರದ ರಜೆ. ಬಾಗಿಲು ತೆಗೆದವರೇ ಕೇಳಿದರು: "ಏನಾತು?"

"ಪಾಸಾತುರಿ. ಆದಿಲಾಬಾದ್ ತಪ್ಪಿತು."

"ಮತ್ಯಾಕ ಮಾರಿ ಸಣ್ಣದು ಮಾಡೀದಿ?"

ಪಾಳಿಯ ವೇಳೆ ಹೇಳಿದೆ. ನಾನು ಹೊರಡುವಾಗ ಅವರಿಗೆ ನಿದ್ದೆ. ನಾನು ಬರುವಷ್ಟರಲ್ಲಿ ಅವರು ಕಾರ್ಖಾನೆಯಲ್ಲಿ. ಅವರು ಬರುವಾಗ ನನಗೆ ನಿದ್ದೆ. ಅವರು ಬೆರಳು ಮಡಿಸುತ್ತಾ ಲೆಕ್ಕ ಹಾಕಿದರು.

"ಇರಲಿ ಬಿಡು. ರವಿವಾರ ಐತಲ್ಲ."

"ವೆಬ್‌ನವರಿಗೆ ರವಿವಾರ ಸೂಟಿ ಇಲ್ಲರಿ. ನಂದು ಬುಧವಾರ."

ಅವರು ಒಳಗೆ ಹೋಗಿ ಎರಡು ತಾಟು ತಂದಿಟ್ಟರು. ನಾನು ಕೈ ತೊಳೆದುಕೊಂಡು ಬಂದು ಕೂತೆ.