ಹೆಸರಿಲ್ಲದ ದೂರಿಗೆ ಕಡ ತಂದ ದನಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಗುಟ್ಟಾಗಿ ಕೊಡಬೇಕಾದ ದೂರನ್ನು ಮುಂಡಗೋಡದ ಸಭಾಭವನದಲ್ಲಿ ಮೈಕು ಹಿಡಿದು ಕೊಟ್ಟವನು ನಾನೇ. ಅದೂ ಯಾರ ಮೇಲೆ ದೂರೋ ಅವರದೇ ದನಿಯಲ್ಲಿ.

ಮಿಮಿಕ್ರಿ ನನ್ನ ಕಸುಬಲ್ಲ, ರೋಗ. ಹುಬ್ಬಳ್ಳಿ ಬಸ್ಸಿನ ಕಂಡಕ್ಟರು, ಓಣಿಯ ಹಾಲಿನವನು, ಸಿಟ್ಟು ಬಂದ ನಮ್ಮಪ್ಪ, ಸಿಟ್ಟು ಬಂದಂತೆ ನಟಿಸುವ ನಮ್ಮಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ಇದ್ದಾರೆ. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಸ್ವಲ್ಪ ಯೋಚಿಸಬೇಕಾಗುತ್ತದೆ.

ಅವತ್ತು ಸಂತೆ. ಹತ್ತಿರದ ಹಳ್ಳಿ ಇಂದೂರಿನಿಂದ ಚಿಗವ್ವ ಬಂದಿದ್ದಳು. ಚಿಕ್ಕಪ್ಪ ತೀರಿಕೊಂಡ ಮೇಲೆ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ತನ್ನ ಹೆಸರು ಏರಿಸಲು ಅವಳು ಒಂದು ಕಚೇರಿಗೆ ಅಲೆಯುತ್ತಿದ್ದಳು. ಅದಾಗದೆ ಬಿತ್ತನೆ ಭತ್ತ ಸಬ್ಸಿಡಿಯಲ್ಲಿ ಸಿಗುವುದಿಲ್ಲ. ಮಳೆಗಾಲ ಹತ್ತಿರ ಬಂದಿತ್ತು.

ಆ ಕಚೇರಿಯ ಗುಮಾಸ್ತರು ಒರಟು ಮಾತಿನವರಲ್ಲ. "ಆಗ್ತೈತಿ ಯವ್ವಾ, ಆಗ್ತೈತಿ. ಆದ್ರ..." ಎಂದು ಕನ್ನಡಕ ತೆಗೆದು ಒರೆಸುತ್ತ ಮೇಲಿನ ಫ್ಯಾನು ನೋಡುತ್ತಾರೆ. ಆ ವಾಕ್ಯದ ಉಳಿದರ್ಧವನ್ನು ಕೇಳಿದವರು ತಾಲೂಕಿನಲ್ಲಿ ಯಾರೂ ಇಲ್ಲ. ಕೊಟ್ಟವರು ಬಹಳ ಇದ್ದಾರೆ.

ಭ್ರಷ್ಟಾಚಾರದ ಬಗ್ಗೆ ಕಾನೂನು ಅರಿವು ಕಾರ್ಯಕ್ರಮ ಇದೆಯೆಂದು ಚಿಗವ್ವನನ್ನು ಕರೆದುಕೊಂಡು ಹೋದೆ. ಮುಂದಿನ ಸಾಲಿನಲ್ಲಿ ಕಚೇರಿಗೊಬ್ಬರಂತೆ ಕಳಿಸಿದ ನೌಕರರಿದ್ದರು. ಅವರಲ್ಲಿ ನಮ್ಮ ಗುಮಾಸ್ತರೂ ಒಬ್ಬರು. ಧಾರವಾಡದಿಂದ ಬಂದ ವಕೀಲ ಮೇಡಂ, ಹೆಸರು ಹೇಳದೆಯೂ ಸಹಾಯವಾಣಿಗೆ ಮಾಹಿತಿ ಕೊಡಬಹುದು, ಆದರೆ ಯಾವ ಊರು, ಯಾವ ಕೆಲಸ, ಏನು ಕೇಳಿದರು ಎಂಬುದು ಸ್ಪಷ್ಟವಿರಬೇಕು ಎಂದರು.

ಚಿಗವ್ವ ನನ್ನ ಕಿವಿಯಲ್ಲಿ, "ಇಂದೂರಾಗ ಗಂಡ ಸತ್ತು ಉತಾರ ಆಗದಾಕಿ ನಾ ಒಬ್ಬಾಕೇ ಅದೀನಿ. ಹೆಸರ ಬರದ್ರೇನು, ಬಿಟ್ರೇನು?" ಎಂದಳು.

ಅಷ್ಟರಲ್ಲಿ ಮೇಡಂ ಒಂದು ಪ್ರಯೋಗ ಮಾಡೋಣ ಎಂದರು. "ನಾನೇ ಸಹಾಯವಾಣಿ ಅಂದುಕೊಳ್ಳಿ. ಯಾರಾದರೊಬ್ಬರು ಬ್ಯಾನರಿನ ಹಿಂದೆ ನಿಂತು ಹೆಸರು ಹೇಳದೆ ಮಾತಾಡಿ."

ನಾನು ಎದ್ದೆ. ಚಿಗವ್ವ ಅಂಗಿ ಹಿಡಿದು ಎಳೆದಳು. "ಸುಮ್ನ ಕುಂದ್ರೋ ಭಾಡ್ಯಾ."

"ಸುಳ್ಳುಸುಳ್ಳು ಏನರ ಹೇಳ್ತೇನಿ ತಗೋ," ಎಂದು, ಇಡೀ ಸಭೆ ನೋಡುತ್ತಿರುವಂತೆ ನಡುದಾರಿಯಲ್ಲಿ ನಡೆದುಹೋಗಿ, ಗುರುತು ಸಿಗಬಾರದೆಂದು ಬ್ಯಾನರಿನ ಹಿಂದೆ ಅಡಗಿದೆ.

ಮೈಕು ಕೈಗೆ ಬಂದಾಗ ದನಿಯನ್ನೂ ಮರೆಮಾಚಬೇಕಲ್ಲ ಎಂಬ ಜ್ಞಾನ ಬಂತು. ಬೆಳಗಿನಿಂದ ಚಿಗವ್ವನನ್ನು ನಗಿಸಲು ಗುಮಾಸ್ತರ ದನಿಯನ್ನೇ ಮಾಡುತ್ತಿದ್ದೆ. ಬಾಯಿ ತೆರೆದರೆ ಅದೇ ಬಂತು.

"ಹೆಸರ ಬ್ಯಾಡ್ರಿ ಮೇಡಂ. ಒಬ್ಬಾಕಿ ಹೆಣ್ಮಗಳ ಉತಾರದ ಕೆಲಸ. ಕೇಳಿದ್ರ, ಆಗ್ತೈತಿ ಯವ್ವಾ, ಆಗ್ತೈತಿ. ಆದ್ರ..."

ಪದ್ಧತಿಯಂತೆ ಅಲ್ಲಿಗೇ ನಿಲ್ಲಿಸಿದೆ. ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಅಜ್ಜ, "ಫ್ಯಾನ್ ನೋಡೂದ ಬಿಟ್ಟಿ ನೋಡ ತಮ್ಮಾ," ಎಂದ. ನಾನು ಬ್ಯಾನರಿನ ಪಕ್ಕದಿಂದ ಇಣುಕಿದೆ. ತಲೆಗಳೆಲ್ಲ ಮುಂದಿನ ಸಾಲಿನ ಒಂದೇ ಕುರ್ಚಿಯ ಕಡೆ ತಿರುಗಿದ್ದವು. ಗುಮಾಸ್ತರು ಎದ್ದು ನಿಂತಿದ್ದರು.

"ಇದು ನನ್ನ ಮ್ಯಾಲೆ ಹೇಳಿದ್ದು. ಯಾರ ಉತಾರ ಅಂತ ನನಗ ಗೊತ್ತೈತಿ. ಇನ್ನ ಅದು ಹೆಂಗ ಆಗ್ತೈತಿ, ನಾನೂ ನೋಡ್ತೇನಿ."

ಚಿಗವ್ವನ ಕೆಲಸವನ್ನು ನಾನೇ ಕೆಡಿಸಿದೆ ಎಂದು ಖಾತ್ರಿಯಾಯಿತು. ಗಂಟಲಲ್ಲಿದ್ದ ಅಷ್ಟೂ ಜನರಲ್ಲಿ ಒಬ್ಬರೂ ನೆರವಿಗೆ ಬರಲಿಲ್ಲ. ಮೇಡಂ ಮಾತ್ರ ಪೆನ್ನು ತೆಗೆದು, ಗುಮಾಸ್ತರು ಯಾವ ಕಚೇರಿಯವರೆಂದು ಪಕ್ಕದವರನ್ನು ಕೇಳುತ್ತಿದ್ದರು.

ಉತಾರ ಮುಂದಿನ ಸಂತೆಯೊಳಗೆ ಬಂತು. ಯಾರೂ ಏನೂ ಕೇಳಲಿಲ್ಲ. ನನ್ನ ಕಲೆಯಿಂದ ಬಂತೆಂದು ನಾನು ಈಗಲೂ ಹೇಳಿಕೊಂಡು ತಿರುಗುತ್ತೇನೆ. ಆದರೆ ಅವತ್ತು ಗುಮಾಸ್ತರನ್ನು ಕುರ್ಚಿಯಲ್ಲಿ ಕೂರಿಸಿದ್ದು ಚಿಗವ್ವನ ಮಾತು. ಸೆರಗು ಸರಿಮಾಡಿಕೊಂಡು ನಿಧಾನಕ್ಕೆ ಎದ್ದು ಅವಳು ಅಂದಳು:

"ಸಾಹೇಬ್ರ, ಹುಡುಗ ಯಾರ ಹೆಸರೂ ಹೇಳ್ಲಿಲ್ಲ, ನಾನೂ ಹೇಳಿಲ್ಲ. ಈಗ ಎದ್ದ ನಿಂತು ಹೇಳಿದಾವ್ರು ನೀವ ಅದೀರಿ."