ಅಕ್ಕ ಬಿಟ್ಟುಬಂದ ಹಾಸ್ಟೆಲು

ನಮ್ಮ ವಂಶದಲ್ಲಿ ಬಿ.ಎ. ಮುಗಿಸಿದವನು ನಾನೇ ಮೊದಲು. ಹೇಳಿಕೊಳ್ಳಲು ನಾಚಿಕೆಯಿಲ್ಲ, ಕಷ್ಟಪಟ್ಟೇ ಓದಿದೆ. ಆದರೆ ಅದರಲ್ಲಿ ಅಕ್ಕನ ಪಾಲೆಷ್ಟು ಎಂದು ಯಾರೂ ಕೇಳಲಿಲ್ಲ. ನಾನೇ ಹೇಳಬೇಕು.

ಅಪ್ಪ ಸೈನ್ಯದಿಂದ ಬಂದ ಮೇಲೆ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಗೇಟಿನಲ್ಲಿ ಕಾವಲಿಗಿದ್ದ. ನಾನು ಹೈಸ್ಕೂಲಿನಲ್ಲಿರುವಾಗಲೇ ತೀರಿಕೊಂಡ. ಕ್ಯಾಸಂಬಳ್ಳಿ ಕಡೆಯ ನಮ್ಮ ಊರಿನಲ್ಲಿ ಅಮ್ಮ ಎರಡು ಹಸು ಕಟ್ಟಿಕೊಂಡು ಸಂಸಾರ ನಡೆಸಿದಳು. ಆಮೇಲೆ ಅಕ್ಕ ಕೋಲಾರದಲ್ಲಿ ಟೀಚರ್ ಟ್ರೈನಿಂಗ್ ಸೇರಿದಳು. ಸರ್ಕಾರಿ ಹಾಸ್ಟೆಲಿನಲ್ಲಿ ಊಟ, ಜೊತೆಗೆ ವಿದ್ಯಾರ್ಥಿವೇತನ. ಇನ್ನೊಂದು ವರ್ಷ ಕಳೆದಿದ್ದರೆ ಟೀಚರು.

ಎಪ್ಪತ್ತರ ದಶಕದ ಕೊನೆ. ನಾನು ಬಂಗಾರಪೇಟೆಯಲ್ಲಿ ಪಿಯುಸಿ ಸೇರಿದ್ದೆ, ಮುಂದುವರಿಸುವ ದಾರಿ ಕಾಣುತ್ತಿರಲಿಲ್ಲ. ಅಪ್ಪನ ಜೊತೆ ಸೈನ್ಯದಲ್ಲಿದ್ದವರೊಬ್ಬರು ಒಂದು ಅರ್ಜಿ ತಂದುಕೊಟ್ಟರು. ಮಾಜಿ ಸೈನಿಕರ ಮಕ್ಕಳ ಓದಿಗೆ ಸಿಗುವ ನೆರವಿನದು. ಜಗಲಿಯ ಮೇಲೆ ಕೂತು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಬೇರೆ ಸರ್ಕಾರಿ ನೆರವು ಪಡೆಯುತ್ತಿದ್ದರೆ ಇದು ಸಿಗುವುದಿಲ್ಲ ಎಂದು ಕೊನೆಯಲ್ಲಿತ್ತು.

“ಅಂಗಾರೆ ನಿಮ್ಮಕ್ಕಂದು?” ಅಂದಳು ಅಮ್ಮ.

ಸರ್ಕಾರವೆಂದರೆ ನಮಗೆ ಗೊತ್ತಿದ್ದದ್ದು ರೇಷನ್ ಕಾರ್ಡು. ಸಕ್ಕರೆ, ಸೀಮೆಎಣ್ಣೆ ಎಲ್ಲವೂ ಕಾರ್ಡಿಗೆ ಇಷ್ಟು ಅಂತ. ಮನೆಯವರು ಒಬ್ಬರು ತಂದಮೇಲೆ ಇನ್ನೊಬ್ಬರು ಹೋಗಿ ನಿಂತರೆ, “ನಿಮ್ಮನೇದು ಆಯ್ತಲ್ಲಮ್ಮಾ, ಮತ್ಯಾಕ್ ಬಂದೆ?” ಎಂದು ಅಂಗಡಿಯವನು ಎಲ್ಲರೆದುರಿಗೆ ಅಟ್ಟುತ್ತಿದ್ದ. ಹಾಗಾಗಿ ನಾನು ಯೋಚಿಸಲೇ ಇಲ್ಲ.

“ಒಂದ್ ಮನೆಗೆ ಒಂದೇ ಕಣಮ್ಮಾ. ಅಕ್ಕಂದಿದ್ರೆ ನಂಗಿಲ್ಲ.”

ಅಮ್ಮ ಸೆರಗು ಕೊಡವಿಕೊಂಡು ಎದ್ದು, “ಗಂಡುಡುಗ ಓದ್ಲಿ ಬಿಡು” ಅಂದಳು. ಬಂದುಬಿಡು ಎಂದು ಅಕ್ಕನಿಗೆ ಕಾಗದ ಬರೆದವನೂ ನಾನೇ.

ಅಕ್ಕ ಮರುವಾರ ಟ್ರಂಕು ಹೊತ್ತು ಬಸ್ಸಿಳಿದಳು. “ಸರ್ಯಾಗಿ ಓದಿದ್ಯಾ? ಅಂಗೇ ಬರ್ದವ್ರಾ?” ಎಂದು ಒಂದೇ ಸಲ ಕೇಳಿದಳು.

“ಊಂ ಕಣಕ್ಕಾ.”

ಅರ್ಜಿ ಆಗಲೇ ಅಂಚೆಗೆ ಬಿದ್ದಿತ್ತು, ಅವಳು ನೋಡುವ ಹಾಗಿರಲಿಲ್ಲ. “ಓಗ್ಲಿ ಬಿಡ್ಲಾ. ನಿನ್ನಂತ ದಡ್ಡರ್ನ ತಿದ್ದೋ ಕಷ್ಟ ತಪ್ತು” ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಹುಲ್ಲಿಗೆಂದು ಹೋದವಳು ಮಧ್ಯಾಹ್ನದ ಊಟಕ್ಕೂ ಬರಲಿಲ್ಲ.

ನೆರವು ಬಂತು. ಅಕ್ಕನನ್ನು ಬೂದಿಕೋಟೆಗೆ ಮದುವೆ ಮಾಡಿಕೊಟ್ಟೆವು.

ಬಿ.ಎ. ಕೊನೆಯ ವರ್ಷ, ನೆರವು ತಡವಾಯಿತೆಂದು ಮೊದಲ ಸಲ ನಾನೇ ಮಾಜಿ ಸೈನಿಕರ ಕಚೇರಿಗೆ ಹೋದೆ. ಗುಮಾಸ್ತರು ವಯಸ್ಸಾದವರು, ಅವರೂ ಸೈನ್ಯದಲ್ಲಿದ್ದವರೇ. ಅವರ ಮುಂದೆ ಪ್ರಾಮಾಣಿಕತೆ ತೋರಿಸಲು ಹೋದೆ. “ಮನೇಲಿ ಬೇರೆ ಯಾರೂ ಏನೂ ತಗೊಳ್ತಿಲ್ಲ ಸಾರ್. ನಮ್ಮಕ್ಕ ಟ್ರೈನಿಂಗೇ ಬಿಟ್ಬಿಟ್ಳು.”

ಅವರು ಕನ್ನಡಕ ತೆಗೆದರು. “ಅವಳ್ಯಾಕಪ್ಪಾ ಬಿಟ್ಳು? ಒಬ್ನೇ ಹುಡುಗ ಎರಡು ಕಡೆ ತಗೋಬಾರ್ದು, ಅಷ್ಟೆ. ಅವಳದು ಅವಳಿಗೆ, ನಿಂದು ನಿಂಗೆ. ಯಾರು ಹೇಳಿದ್ದು ನಿಂಗೆ?”

“ಯಾರೂ ಇಲ್ಲ ಸಾರ್” ಎಂದೆ.

ಅದನ್ನು ಅಕ್ಕನಿಗೆ ಹೇಳಲು ನನಗೆ ಎರಡು ವರ್ಷ ಹಿಡಿಯಿತು. ಪದವಿ ಬಂತು, ಕೆಲಸವೂ ಸಿಕ್ಕಿತು, ಆಮೇಲೆ ಬೂದಿಕೋಟೆಗೆ ಹೋದೆ. ಅಕ್ಕ ಹಸುಗಳಿಗೆ ಬೂಸಾ ಕಲಸುತ್ತಿದ್ದಳು, ಸೊಂಟದಲ್ಲಿ ಎರಡನೆಯ ಮಗು. ನಿಂತಲ್ಲೇ ಎಲ್ಲ ಹೇಳಿದೆ. ಅವಳ ಕೈ ಬಕೆಟ್ಟಿನಲ್ಲೇ ನಿಂತಿತು.

“ಅಮ್ಮಂಗೆ ಏಳಿದ್ಯಾ?”

“ಇಲ್ಲ.”

“ಏಳ್ಬೇಡ. ಅವಳ್ಗ್ಯಾಕೆ.”

ಮತ್ತೆ ಕಲಸತೊಡಗಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಕಡೆ ನೋಡದೆ ಹೇಳಿದಳು.

“ಪಾಠ ಮಾಡೋದು ಕಲೀಲಿ ಅಂತ ನಮ್ಮುನ್ನ ಒಂದ್ ಇಸ್ಕೂಲಿಗೆ ಕಳಿಸ್ತಿದ್ರು. ನಂಗೆ ಮೂರ್ನೇ ಕ್ಲಾಸು ಕೊಟ್ಟಿದ್ರು. ಪಾಠ ಅರ್ಧ ಆಗಿತ್ತು. ನಾಳಿಕ್ ಬತ್ತೀನಿ ಅಂತ ಆ ಮಕ್ಕಳಿಗೆ ಏಳ್ಬುಟ್ಟು ಬಂದಿದ್ದೆ ಕಣ್ಲಾ. ರೂಮಿಗ್ ಬಂದ್ರೆ ನಿನ್ ಕಾಗದ.”

ಕೈ ತೊಳೆದು, “ಕಾಲು ತೊಳ್ಕೊಂಡ್ ಬಾ, ಉಣ್ಣು” ಎಂದು ಒಳಗೆ ಹೋದಳು. ನಾನು ಹೋಗಿ ಕೂತು ಉಂಡೆ.