ಶಹಾಬಾದಿನಲ್ಲಿ ಹೂಡಿ ನೋಡಿದ ಎಂಜಿನ್

ನನಗೆ ಯಾರ ಮೇಲೂ ಬೇಗ ನಂಬಿಕೆ ಬರುವುದಿಲ್ಲ. ಹಾಲಿನವನ ಎದುರಿಗೇ ಹಾಲಿಗೆ ಬೆರಳು ಅದ್ದಿ ನೋಡುತ್ತೇನೆ. ಸೇಡಂ ಸಂತೆಯಲ್ಲಿ ಬದನೆಕಾಯಿ ಮಾರುವವಳು ನನ್ನನ್ನು ದೂರದಲ್ಲಿ ಕಂಡ ಕೂಡಲೇ, ‘ಬಂದ್ರು ನೋಡವಾ ಅಕ್ಕೋರು’ ಎಂದು ಪಕ್ಕದವಳಿಗೆ ಹೇಳುತ್ತಾಳೆ. ಶಾಲೆಯಲ್ಲಿ ವರ್ಷಾನುಗಟ್ಟಲೆ ಮಕ್ಕಳ ನೆಪಗಳನ್ನು ಕೇಳಿದವಳಿಗೆ ಈ ಗುಣ ಬಾರದೆ ಇನ್ನೇನು ಬಂದೀತು.

ಹೀಗಿರುವಾಗ ನನ್ನ ತಮ್ಮ ಹೈದರಾಬಾದಿನಿಂದ ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಲಾರಿಯ ಮೇಲೆ ಹೇರಿಸಿಕೊಂಡು ತಂದ. ಕೆಂಪು ಬಣ್ಣ, ಎರಡೇ ಸೀಟು, ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡ. ಎಂಜಿನ್ ಜಾಮ್ ಆಗಿತ್ತು. ಗೇರ್‌ಬಾಕ್ಸ್ ಮಾತ್ರ ಗಟ್ಟಿಯಾಗಿತ್ತು. ಅವನಿಗೆ ಮಳಖೇಡದಲ್ಲಿ ಫಿಟರ್ ಕೆಲಸ, ಕೈ ಸುಮ್ಮನಿರುವುದಿಲ್ಲ. ಬೇರೆ ಎಂಜಿನ್ ಹಾಕುತ್ತೇನೆ, ಇದಕ್ಕಿಂತ ಜೋರಿನದು ಎಂದ.

ಜೋರು ಎಂಬ ಮಾತೇ ನನಗೆ ಹಿಡಿಸಲಿಲ್ಲ. ಹಿಂದೊಮ್ಮೆ ಅವನು ಚಿಂಚೋಳಿ ರಸ್ತೆಯ ತಿರುವಿನಲ್ಲಿ ಬೈಕಿನಿಂದ ಬಿದ್ದಿದ್ದ. ಬಲಗಾಲಿನಲ್ಲಿ ಇನ್ನೂ ರಾಡ್ ಇದೆ. ಅಂದು ಆಸ್ಪತ್ರೆಯ ಬೆಂಚಿನ ಮೇಲೆ ಅವನ ಒಂದು ಚಪ್ಪಲಿ ಹಿಡಿದುಕೊಂಡು ಕೂತಿದ್ದೆ, ಇನ್ನೊಂದು ಸಿಕ್ಕಿರಲಿಲ್ಲ. ನನಗೆ ಇರುವವನು ಅವನೊಬ್ಬನೇ. ಯಾವ ಎಂಜಿನ್ನೂ ಆ ಗೇರ್‌ಬಾಕ್ಸಿಗೆ ಕೂಡದಿರಲಿ ಎಂದು ದೇವರ ಮುಂದೆ ಕೈಮುಗಿದು ಬೇಡಿಕೊಂಡೆ.

ಶಹಾಬಾದಿನ ಗುಜರಿ ಅಂಗಡಿಯೊಂದರಲ್ಲಿ ಎಂಜಿನ್ ಸಿಕ್ಕಿತು. ‘ಒಂದೇ ಕಂಪನಿ ಮಾಲ್ ಅದರಿ, ಕೂಡತದ. ಕಣ್ಣು ಮುಚ್ಚಿ ಒಯ್ರಿ’ ಎಂದು ಅಂಗಡಿಯವನು ಫೋನಿನಲ್ಲಿ ಹೇಳಿದನಂತೆ. ಕಣ್ಣು ಮುಚ್ಚಿ ಎನ್ನುವವರ ಮುಂದೆ ನಾನು ಕನ್ನಡಕ ಒರೆಸಿಕೊಳ್ಳುವವಳು.

ನಮ್ಮ ಕಾಕಾ ಒಂಟಿ ಉಳಿದ ಎತ್ತಿಗೆ ಜೋಡಿ ತರುವಾಗ ಮನೆಯ ಎತ್ತನ್ನೂ ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದ. ಅಲ್ಲೇ ಯಾರದಾದರೂ ಬಂಡಿಗೆ ಎರಡನ್ನೂ ಹೂಡಿ, ನಡೆಸಿ ನೋಡಿದ ಮೇಲೆಯೇ ವ್ಯಾಪಾರದ ಮಾತು. ನನಗೆ ಅದು ನೆನಪಾಯಿತು.

‘ಗೇರ್‌ಬಾಕ್ಸ್ ಬಿಚ್ಚಿ ಟಂಟಂ ಆಟೋದಾಗ ಹಾಕು. ಅಲ್ಲೇ ಹೂಡಿ ನೋಡೋಣ’ ಎಂದೆ.

‘ನೀನೂ ಬರ್ತಿಯೇನಕ್ಕಾ?’ ತಮ್ಮ ನನ್ನ ಮುಖವನ್ನೇ ನೋಡಿದ.

‘ಬರದೇ ಮತ್ತ? ನಿನ್ನೊಬ್ಬನ್ನ ಕಳಿಸಿದ್ರ ಟೋಪಿ ಹಾಕಿಸಿಕೊಂಡು ಬರ್ತಿ.’

ಚಿತ್ತಾಪುರ ದಾಟಿ ವಾಡಿ ಸ್ಟೇಶನ್ನಿನ ಎದುರು ಚಹಾಕ್ಕೆ ನಿಂತಾಗಲೂ ಅವನು ಹಾಗೆಯೇ ನೋಡುತ್ತಿದ್ದ. ನನ್ನ ಕಳ್ಳ ಪ್ರಾರ್ಥನೆ ಇವನಿಗೆ ಗೊತ್ತಾಯಿತೇನೋ ಎನಿಸಿ ನಾನು ರೈಲಿನ ಕಡೆ ಮುಖ ತಿರುಗಿಸಿದೆ.

ಶಹಾಬಾದಿನಲ್ಲಿ ಅಂಗಡಿಯವನು, ‘ಬರ್ರಿ ಅಕ್ಕೋರೆ, ಕುಂದ್ರಿ’ ಎಂದು ತನ್ನ ಟವೆಲಿನಿಂದಲೇ ಕುರ್ಚಿ ಒರೆಸಿದ. ಕೇಳುವ ಮೊದಲೇ ಚಹಾ ಬಂತು. ಇಷ್ಟು ಮರ್ಯಾದೆ ಯಾಕೆ ಎಂದು ನನಗೆ ಗುಮಾನಿ. ಎಂಜಿನ್ನಿಗೆ ಹೊಸದಾಗಿ ಬೆಳ್ಳಿ ಬಣ್ಣ ಬಳಿದಿದ್ದ, ಅದು ಇನ್ನೊಂದು ಗುಮಾನಿ. ಅದರ ಮೇಲೆ ಕೊರೆದ ನಂಬರನ್ನು ಯಾರಾದರೂ ಉಜ್ಜಿ ತಿದ್ದಿದ್ದಾರೋ ಎಂದು ಉಗುರಿನಿಂದ ಕೆರೆದು ನೋಡಿದೆ. ಸರಿಯಾಗಿಯೇ ಇತ್ತು.

ತಮ್ಮ ಕಲ್ಲು ಹಾಸಿನ ಮೇಲೆ ಎರಡನ್ನೂ ಎದುರುಬದುರು ಇಟ್ಟ. ಗೇರ್‌ಬಾಕ್ಸಿನ ಅಗಲ ಬಾಯಿಯ ಸುತ್ತ ಬೋಲ್ಟಿನ ತೂತುಗಳು. ಎಂಜಿನ್ನಿನ ಬೆನ್ನಿನಲ್ಲೂ ಅಂಥವೇ. ಒಂದೂ ತಪ್ಪದೆ ಎಲ್ಲ ಎದುರಾದವು. ಕ್ಲಚ್ ಪ್ಲೇಟಿನ ಹಲ್ಲು ಗೇರ್‌ಬಾಕ್ಸಿನ ದಂಡಕ್ಕೆ ಹೊಂದುತ್ತದೋ ನೋಡಿದ. ಬಳೆ ಏರಿದಷ್ಟು ಸಲೀಸಾಗಿ ಏರಿತು. ಅವನ ಮುಖ ಅರಳುತ್ತಾ ಹೋದಂತೆ ನನ್ನದು ಸಪ್ಪಗಾಯಿತು.

ಆದರೆ ಎರಡನ್ನೂ ಕೂಡಿಸಿದಾಗ ನಡುವೆ ಒಂದು ಬೆರಳಿನ ಸಂದು ಉಳಿಯಿತು. ಎಷ್ಟು ಒತ್ತಿದರೂ ಮುಚ್ಚಲಿಲ್ಲ.

‘ಬೋಲ್ಟ್ ಬಿಗಿ ಮಾಡ್ರಿ, ತಾನೇ ಎಳಕೊಂತದ’ ಎಂದ ಅಂಗಡಿಯವನು.

‘ಹಂಗ ಎಳದ್ರ ಒಡೀತದ. ಒಳಗ ಏನೋ ತಡೀಲಿಕತ್ತದ’ ಎಂದು ತಮ್ಮ ಮತ್ತೆ ಬೇರೆ ಮಾಡಿದ. ಗೇರ್‌ಬಾಕ್ಸಿನ ದಂಡದ ತುದಿ ಎಂಜಿನ್ನಿನ ನಡುಮಧ್ಯದ ಒಂದು ಕುಣಿಯಲ್ಲಿ, ದುಂಡನೆಯ ತೂತಿನಲ್ಲಿ, ಹೋಗಿ ಕೂರಬೇಕು. ಆ ಕುಣಿಗೆ ಬ್ಯಾಟರಿಯ ಬೆಳಕು ಬಿಟ್ಟು ಇಣುಕಿ, ಆ ಬ್ಯಾಟರಿಯನ್ನೇ ನನ್ನ ಕೈಗೆ ಕೊಟ್ಟ.

‘ನೀನೇ ನೋಡಕ್ಕಾ. ನಾ ಹೇಳಿದ್ರ ನೀ ನಂಬಂಗಿಲ್ಲ.’

ಬಗ್ಗಿ ನೋಡಿದೆ. ಕುಣಿಯೊಳಗೆ ಹಿತ್ತಾಳೆಯ ಒಂದು ಉಂಗುರ ಓರೆಯಾಗಿ ಸಿಕ್ಕಿಕೊಂಡಿತ್ತು. ಯಾವುದೋ ಹಳೆಯ ಗೇರ್‌ಬಾಕ್ಸಿಗೆಂದು ಹಾಕಿದ್ದು, ಹಾಗೇ ಉಳಿದುಬಿಟ್ಟಿದೆ. ಅದನ್ನು ಕಿತ್ತರೆ ಮುಗಿಯಿತು, ಎಂಜಿನ್ ಕೂಡುತ್ತದೆ. ‘ಕುಣಿನೇ ಸಣ್ಣದು’ ಎಂದು ಒಂದು ಮಾತು ಹೇಳಿದರೂ ಮುಗಿಯಿತು, ಎಂಜಿನ್ ಇಲ್ಲೇ ಉಳಿಯುತ್ತದೆ, ತಮ್ಮ ನನಗೆ ಉಳಿಯುತ್ತಾನೆ. ಬಗ್ಗಿದವಳು ಬಗ್ಗಿಯೇ ಇದ್ದೆ. ನಡು ನೋಯತೊಡಗಿತು.

‘ಹಿತ್ತಾಳಿ ಬುಷ್ ಒಳಗೇ ಕುಂತದ,’ ಕೊನೆಗೆ ಹೇಳಿದೆ. ‘ತೆಗೆದ್ರ ಕೂಡತದ.’

‘ನಾನೂ ನೋಡೀನಿ.’

‘ಮತ್ತ ನನಗ್ಯಾಕ ಬ್ಯಾಟರಿ ಕೊಟ್ಟಿ?’

‘ಹೇಳ್ತಿಯೋ ಇಲ್ಲೋ ಅಂತ.’

ಊರನ್ನೆಲ್ಲ ಪರೀಕ್ಷೆ ಮಾಡುವ ನನ್ನನ್ನು ಇವನು ಪರೀಕ್ಷೆ ಮಾಡಿದ್ದ. ಸಿಟ್ಟು ನೆತ್ತಿಗೇರಿತು. ಅಂಗಡಿಯವನು ಇದ್ದಾನೆ ಎಂಬುದನ್ನೂ ನೋಡಲಿಲ್ಲ.

‘ಕೂಡಬಾರದು ಅಂತೇ ಬಂದೀನಿ. ಇನ್ನೊಮ್ಮಿ ಆ ಬೆಂಚಿನ ಮ್ಯಾಲ ಕುಂದ್ರಲಿಕ್ಕ ನನ್ನಿಂದ ಆಗಂಗಿಲ್ಲ’ ಎಂದೆ.

ಅಂಗಡಿಯವನು ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದ. ತಮ್ಮ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತೇ, ‘ಗೊತ್ತದಕ್ಕಾ’ ಎಂದ. ಅಷ್ಟೇ. ಆಮೇಲೆ ಬುಷ್ ಕಿತ್ತ. ಈ ಸಲ ಸಂದು ಉಳಿಯಲಿಲ್ಲ. ಬೋಲ್ಟಿಗೆ ಪಾನಾ ಹಾಕಿ ಎಂಜಿನ್ನನ್ನು ಕೈಯಿಂದ ತಿರುಗಿಸಿದ. ಎಲ್ಲೂ ತಡೆಯದೆ ತಿರುಗಿತು. ಹಣವನ್ನು ನಾನೇ ಎರಡು ಸಲ ಎಣಿಸಿ ಕೊಟ್ಟೆ, ಎಂಜಿನ್ನನ್ನು ಟಂಟಂಗೆ ಹೇರಿಕೊಂಡು ಊರಿಗೆ ಬಂದೆವು.

ಕಾರು ಸಿದ್ಧವಾದ ದಿನ ಬೆಳಿಗ್ಗೆ ಅವನು ನನ್ನ ಕಡೆಯ ಬಾಗಿಲು ತೆಗೆದು ನಿಂತ. ಕೂತೆ. ಬೆಲ್ಟನ್ನು ಜಗ್ಗಿ ನೋಡಿದೆ, ಅವನದನ್ನೂ ಜಗ್ಗಿದೆ. ಅವನು ಚಿಂಚೋಳಿ ರಸ್ತೆಗೇ ಹೊರಳಿಸಿದ. ನಾನು ಮೀಟರಿನತ್ತ ಬಗ್ಗಿದೆ. ಅದರ ಮುಳ್ಳು ನಲವತ್ತರ ಹತ್ತಿರವೇ ಇತ್ತು.

‘ಈ ಮುಳ್ಳು ಖರೇ ತೋರಸ್ತದೇನು?’ ಎಂದು ಕೇಳಿದೆ.

ಹಿಂದೆ ಬಿದ್ದ ಆ ತಿರುವು ಇನ್ನೂ ದೂರ ಇರುವಾಗಲೇ ತಮ್ಮ ಬ್ರೇಕಿನ ಮೇಲೆ ಕಾಲಿಟ್ಟ, ರಾಡ್ ಇರುವ ಕಾಲು. ಹಿಂದಿನಿಂದ ನಮ್ಮ ಹಾಲಿನವನು ಮೊಪೆಡ್ಡಿನ ಮೇಲೆ ಕ್ಯಾನು ಕಟ್ಟಿಕೊಂಡು ಬಂದ, ನನ್ನ ಕಡೆ ಒಮ್ಮೆ ನೋಡಿದ, ಆ ಕೆಂಪು ಕಾರನ್ನು ದಾಟಿ ಮುಂದೆ ಹೋಗಿಬಿಟ್ಟ. ಆಗ ಮುಳ್ಳನ್ನು ನಂಬಿದೆ.